ವೈರ್ ಅಳಿಸುವವಳು ಕೋಟೆ ನೋಡಲು ಹೋದಾಗ

ಒಂಬತ್ತು ವರ್ಷ ನಾನು ಮಾಡಿದ್ದು ಅಳಿಸುವ ಕೆಲಸ. ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಕಂಪನಿಯಲ್ಲಿ, ಅಂದರೆ ಸಿನಿಮಾದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಕಡೆ, ಪೇಂಟ್ ಆರ್ಟಿಸ್ಟ್ ಆಗಿದ್ದೆ. ಹೀರೋನ ಸೊಂಟಕ್ಕೆ ವೈರ್ ಕಟ್ಟಿ ಮೇಲಕ್ಕೆ ಎಳೆದಿರುತ್ತಾರೆ, ಆ ವೈರ್ ಅಳಿಸಬೇಕು. ಕನ್ನಡಿಯಲ್ಲಿ ಕ್ಯಾಮೆರಾಮನ್ ಕಾಣಿಸಿಬಿಟ್ಟಿರುತ್ತಾನೆ, ಅವನನ್ನು ಅಳಿಸಬೇಕು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ವೈರ್ ಇದ್ದ ಜಾಗಕ್ಕೆ ಹಿಂದಿನ ಗೋಡೆಯನ್ನೋ ಮೋಡವನ್ನೋ ತಂದು ಕೂರಿಸಬೇಕು, ಅಷ್ಟೂ ಫ್ರೇಮಲ್ಲಿ. ಚೆನ್ನಾಗಿ ಮಾಡಿದರೆ ನಾನು ಅಲ್ಲಿದ್ದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ತಪ್ಪಿದರೆ ಇಡೀ ಥಿಯೇಟರಿಗೆ ಗೊತ್ತಾಗುತ್ತದೆ.

ಕಂಪನಿ ಬಾಗಿಲು ಹಾಕಿತು. ಆ ಕಥೆ ಬೇಡ, ಕೇಳಿದವರಿಗೂ ಬೇಜಾರು, ಹೇಳುವವಳಿಗೂ. ಅಕ್ಕ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದಾಳೆ. "ಮನೇಲಿ ಕೂತು ಸೀಲಿಂಗ್ ನೋಡೋ ಬದಲು ಇಲ್ಲಿಗೆ ಬಾ" ಅಂದಳು. ಬಂದ ಎರಡನೇ ವಾರ ಅವಳ ಮಗ, ಒಂಬತ್ತು ವರ್ಷದವನು, ನನ್ನನ್ನು ಎಳೆದುಕೊಂಡು ಹೋದ ಜಾಗವೇ ಲೀವ್ಸ್‌ಡನ್. ಹ್ಯಾರಿ ಪಾಟರ್ ಸಿನಿಮಾಗಳನ್ನು ತೆಗೆದ ಸ್ಟುಡಿಯೋ. 2012ರಿಂದ ಜನರಿಗೆ ತೆರೆದಿದ್ದಾರೆ. ವಾರ್ನರ್ ಬ್ರದರ್ಸ್ ಸ್ಟುಡಿಯೋ ಟೂರ್ ಅಂತ ಹೆಸರು.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ದೊಡ್ಡವರ ಟಿಕೆಟ್ 50 ಪೌಂಡ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ತಲೆಗೆ ಐದೂವರೆ ಸಾವಿರದ ಮೇಲೆ. ಬಾಗಿಲಿಗೆ ಹೋಗಿ ಕೊಳ್ಳೋಣ ಅಂದರೆ ಆಗುವುದಿಲ್ಲ, ಮುಂಚೆಯೇ ದಿನ, ಹೊತ್ತು ಗೊತ್ತುಮಾಡಿ ಬುಕ್ ಮಾಡಬೇಕು. ರಜೆಯ ದಿನಗಳು ಬೇಗ ತುಂಬಿಹೋಗುತ್ತವೆ. ಲಂಡನ್ನಿನಿಂದ ಬರುವವರು ಯೂಸ್ಟನ್ ಸ್ಟೇಷನ್ನಲ್ಲಿ ರೈಲು ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ವಾಟ್‌ಫರ್ಡ್ ಜಂಕ್ಷನ್. ಅಲ್ಲಿಂದ ಟೂರಿನದೇ ಬಸ್ಸು, ಕಾಲು ಗಂಟೆ. ನಾವು ವಾಟ್‌ಫರ್ಡ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಕ್ಕ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಮುಗಿಸಿ ಬಸ್ಸು ಹತ್ತಿದೆವು. ಆ ಚಳಿಯಲ್ಲಿ ತಣ್ಣಗಾದ ಚಿತ್ರಾನ್ನ, ಅದೊಂದು ಅನುಭವವೇ.

ಈ ಜಾಗ ಮೊದಲು ವಿಮಾನದ ಕಾರ್ಖಾನೆ. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಮೊಸ್ಕಿಟೊ, ಹ್ಯಾಲಿಫ್ಯಾಕ್ಸ್ ವಿಮಾನಗಳನ್ನು ಮಾಡುತ್ತಿದ್ದರು. ಹೊರಗಿಂದ ಈಗಲೂ ದೊಡ್ಡ ಗೋಡೌನಿನ ಥರವೇ ಕಾಣುತ್ತದೆ. ಪೀಣ್ಯದ ಕಡೆ ಹೋದವರಿಗೆ ಹೊಸದೇನೂ ಅನಿಸುವುದಿಲ್ಲ.

ಒಳಗೆ ಮೊದಲು ಸಿಗುವುದು ಗ್ರೇಟ್ ಹಾಲ್, ಹ್ಯಾರಿ ಓದುವ ಹಾಗ್ವಾರ್ಟ್ಸ್ ಅನ್ನುವ ಮಾಯಾಶಾಲೆಯ ಊಟದ ಹಾಲ್. ದೊಡ್ಡ ಬಾಗಿಲು ತೆರೆಯುತ್ತದೆ, ಎಲ್ಲರೂ "ವಾವ್" ಅನ್ನುತ್ತಾರೆ. ನಾನು ಕೆಳಗೆ ನೋಡಿದೆ. ನೆಲ ನಿಜವಾದ ಕಲ್ಲು. ಬಣ್ಣ ಬಳಿದ ಪ್ಲೈವುಡ್ ಅಲ್ಲ. ಸೆಟ್ಟುಗಳನ್ನೆಲ್ಲ ರೂಪಿಸಿದ ಪ್ರೊಡಕ್ಷನ್ ಡಿಸೈನರ್ ಸ್ಟುವರ್ಟ್ ಕ್ರೇಗ್ ಮೊದಲ ಸಿನಿಮಾಗೇ ಕಲ್ಲು ಹಾಸಿಸಿದರು. ಹತ್ತು ವರ್ಷ, ಎಂಟು ಸಿನಿಮಾ, ನೂರಾರು ಮಕ್ಕಳ ಬೂಟು, ಕ್ಯಾಮೆರಾ ಗಾಡಿಗಳು, ಎಲ್ಲ ತಡೆದುಕೊಂಡು ಕೂತಿದೆ. ಆಮೇಲೆ ಮೇಲೆ ನೋಡಿದೆ. ಛಾವಣಿಯೇ ಇಲ್ಲ! ಬರೀ ಲೈಟು, ಕಂಬಿ. ಸಿನಿಮಾದಲ್ಲಿ ಕಾಣುವ ಮಾಯದ ಆಕಾಶ ಆಮೇಲೆ ಸೇರಿಸಿದ್ದು. ಕೆಳಗೆ ಕಲ್ಲು, ಮೇಲೆ ಕಂಪ್ಯೂಟರ್. ಕಾಲು ತಾಗುವ ಕಡೆ ನಿಜ, ಕಣ್ಣು ಮಾತ್ರ ತಾಗುವ ಕಡೆ ಮಾಯೆ.

ಇದೇ ಹಾಲಿನ ಮೇಣದಬತ್ತಿಗಳ ಕಥೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮೊದಲ ಸಿನಿಮಾಗೆ ನಿಜವಾದ ಉರಿಯುವ ದೀಪಗಳನ್ನೇ ತೇಲಿಸಬೇಕು ಅಂತ ಹೊರಟರು. ನೂರಾರು ಬತ್ತಿಗಳನ್ನು ತೆಳು ವೈರಿನಲ್ಲಿ ಮೇಲಿಂದ ಇಳಿಬಿಟ್ಟು, ಮೇಲೆ ಕೆಳಗೆ ಆಡುವ ಹಾಗೆ ಮಾಡಿದರು. ಕಣ್ಣಿಗೆ ಹಬ್ಬ. ಆದರೆ ಬೆಂಕಿಯ ಕಾವಿಗೆ ವೈರು ಸುಟ್ಟು ಒಂದೊಂದೇ ಮೇಣದಬತ್ತಿ ಕೆಳಗೆ ಬೀಳತೊಡಗಿತು. ಕೆಳಗೆ ಊಟದ ಮೇಜಿನಲ್ಲಿ ಮಕ್ಕಳು ಕೂತಿದ್ದಾರೆ! ಅಲ್ಲಿಂದ ಮುಂದೆ ಮೇಣದಬತ್ತಿಗಳೆಲ್ಲ ಕಂಪ್ಯೂಟರಿನವು.

"ಸಿಜಿ ಬಂದು ಸಿನಿಮಾ ಹಾಳಾಯ್ತು, ಹಳೇ ಮಾಡೆಲ್‌ಗಳೇ ಚೆಂದ" ಅಂತ ಭಾಷಣ ಮಾಡುವವರು ಸಿಕ್ಕಾಗಲೆಲ್ಲ ನಾನು ಈ ಬತ್ತಿಯ ಕಥೆ ಹೇಳುತ್ತೇನೆ. ಸಿಜಿ ಅಂದರೆ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಚಿತ್ರ, ಮಾಡೆಲ್ ಅಂದರೆ ಕೈಯಲ್ಲಿ ಕಟ್ಟಿದ ಮಾದರಿ. ತಮಾಷೆ ಅಂದರೆ, ವೈರು ಸುಡದೇ ಇದ್ದಿದ್ದರೂ ಆ ನೂರಾರು ವೈರನ್ನು ಅಳಿಸಲು ನನ್ನಂಥವರು ಯಾರೋ ಒಬ್ಬರು ಕೂರಲೇಬೇಕಿತ್ತು. ಮಾಡೆಲ್ ಒಂದು ಕಡೆ, ಕಂಪ್ಯೂಟರ್ ಒಂದು ಕಡೆ ಅಂತ ಜಗಳ ಹಚ್ಚುವವರಿಗೆ ಈ ಮಧ್ಯದ ವೈರು ಕಾಣುವುದೇ ಇಲ್ಲ.

ಮುಂದಿನ ಹಾಲಿನಲ್ಲಿ ಸೆಟ್ಟುಗಳು ಸಾಲಾಗಿ ನಿಂತಿವೆ. ಹುಡುಗರ ಮಲಗುವ ಕೋಣೆ, ಔಷಧದ ತರಗತಿ, ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಕೋಣೆ. ಮಂಚಗಳು ಹನ್ನೊಂದು ವರ್ಷದ ಮಕ್ಕಳ ಅಳತೆಯವು. ನಟರು ಬೆಳೆದರು, ಮಂಚ ಬೆಳೆಯಲಿಲ್ಲ. ಕೊನೆಕೊನೆಗೆ ಕಾಲು ಮಡಚಿಕೊಂಡು ಮಲಗಬೇಕಾಯಿತಂತೆ. ಡಂಬಲ್‌ಡೋರ್ ಕಪಾಟಿನ ಹಳೇ ಪುಸ್ತಕಗಳು ನಿಜಕ್ಕೂ ಚರ್ಮದ ರಟ್ಟು ಹಾಕಿದ ಟೆಲಿಫೋನ್ ಡೈರೆಕ್ಟರಿಗಳು. ಇದನ್ನು ಕೇಳಿ ನಾನು ಜೋರಾಗಿ ನಕ್ಕೆ. ಪಕ್ಕದ ಹೆಂಗಸು ತಿರುಗಿ ನೋಡಿದರು.

ಆಮೇಲೆ ಹಾವಿನ ಬಾಗಿಲು. ಎರಡನೇ ಸಿನಿಮಾದಲ್ಲಿ ರಹಸ್ಯ ಕೋಣೆಗೆ ಹೋಗುವ ದುಂಡನೆಯ ಲೋಹದ ಬಾಗಿಲು ನೆನಪಿದೆಯಾ? ಹಾವುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ, ಇನ್ನೊಂದು ಹಾವು ಅಂಚಿನಲ್ಲಿ ಸುತ್ತು ಹೊಡೆದು ಬೀಗ ತೆಗೆಯುತ್ತದೆ. ನಾನು ಈ ಕಸುಬಿಗೆ ಬಂದ ಮೇಲೂ ಅದನ್ನು ಸಿಜಿ ಅಂತಲೇ ನಂಬಿದ್ದೆ. ಅಲ್ಲ. ಅದು ಯಂತ್ರ. ಒಳಗೆ ನಿಜವಾದ ಮೋಟಾರು, ನಿಜವಾದ ಕೀಲು. ಕಣ್ಣನ್ನೇ ಬಂಡವಾಳ ಮಾಡಿಕೊಂಡು ಬದುಕಿದವಳಿಗೆ ಇದೊಂದು ಸಣ್ಣ ಅವಮಾನ. ಅಕ್ಕನ ಮಗನಿಗೆ ಹೇಳಲಿಲ್ಲ.

ಅದರ ಉಲ್ಟಾ ಕಥೆಯ ಖಳನಾಯಕ ವಾಲ್ಡಮಾರ್ಟ್‌ನ ಮೂಗು. ನಟ ರಾಲ್ಫ್ ಫೈನ್ಸ್ ಮುಖಕ್ಕೆ ಮೇಕಪ್ ಹಾಕಿ ಚಪ್ಪಟೆ ಮಾಡಿದ್ದಾರೆ ಅಂತ ತುಂಬ ಜನ ತಿಳಿದಿದ್ದಾರೆ. ಮುಖದ ಬಿಳಿ ಬಣ್ಣ, ನರ ಎಲ್ಲ ಮೇಕಪ್ಪೇ. ಆದರೆ ಮೂಗು ಹೋಗಿದ್ದು ಕಂಪ್ಯೂಟರಿನಲ್ಲಿ. ಮುಖಕ್ಕೆ ಸಣ್ಣ ಸಣ್ಣ ಚುಕ್ಕೆ ಇಟ್ಟು ಶೂಟ್ ಮಾಡಿ, ಆಮೇಲೆ ಪ್ರತಿ ಫ್ರೇಮಿನಲ್ಲೂ ಮೂಗು ತೆಗೆದು ಹಾವಿನ ಸೀಳು ಕೂರಿಸಿದ್ದು. ಲಕ್ಷ್ಮಣ ಶೂರ್ಪನಖಿಯ ಮೂಗನ್ನು ಒಂದೇ ಏಟಿಗೆ ಕುಯ್ದ. ಇಲ್ಲಿ 24 ಏಟಿಗೆ ಒಂದು ಸೆಕೆಂಡು. ಮೂಗು ತೆಗೆಯುವುದು ಕಷ್ಟ ಅಲ್ಲ. ತೆಗೆದ ಮೇಲೆ ಅದರ ಹಿಂದಿದ್ದ ಕೆನ್ನೆಯನ್ನು ಹುಟ್ಟಿಸುವುದು ಕಷ್ಟ. ಅದನ್ನು ಕ್ಯಾಮೆರಾ ನೋಡಿಯೇ ಇರುವುದಿಲ್ಲ. ನೆರಳು ಎಲ್ಲಿ ಬೀಳುತ್ತಿತ್ತು, ಬೆಳಕು ಎಲ್ಲಿ ಜಾರುತ್ತಿತ್ತು, ಎಲ್ಲ ಊಹೆ. ಆ ಊಹೆಗೇ ನಮಗೆ ಸಂಬಳ.

ಟೂರಿನಲ್ಲಿ ಮೇಕಪ್ಪಿನ ಮುಖವಾಡಗಳ ಮುಂದೆ, ಜೇಡದ ಮುಂದೆ ಗುಂಪು ಇರುತ್ತದೆ. ಅಳಿಸಿದ ಮೂಗಿನ ಮುಂದೆ ನಿಲ್ಲುವುದು ಹೇಗೆ? ನಿಲ್ಲಲು ಏನೂ ಇಲ್ಲವಲ್ಲ.

ಜೇಡ ಮಾತ್ರ ನೋಡಲೇಬೇಕು. ಕಥೆಯ ದೈತ್ಯ ಜೇಡ, ಅರಾಗಾಗ್ ಅಂತ ಹೆಸರು. ಒಂದು ಕಾಲಿನ ತುದಿಯಿಂದ ಇನ್ನೊಂದರ ತುದಿಗೆ 18 ಅಡಿ. ಎರಡನೇ ಸಿನಿಮಾಗೆ ಇದನ್ನು ನಿಜವಾಗಿ ಕಟ್ಟಿದರು. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬದಲು ನೀರನ್ನು ಪಂಪ್ ಮಾಡಿ ಕಾಲು ಆಡಿಸಿದರು, ಚಲನೆ ನಯವಾಗಿ ಬರಲಿ ಅಂತ. ಎದುರಿಗೆ ನಿಂತ ಹುಡುಗ ನಟರ ಮುಖದಲ್ಲಿ ಕಾಣುವ ಭಯಕ್ಕೆ ಅರ್ಧ ಕಾರಣ ಇದೇ ಇರಬೇಕು. ಪ್ರಾಣಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತೇವೆ, ಈಗ ಕೋಲಿನ ತುದಿಗೆ ಸಿಕ್ಕಿಸಿದ ಟೆನಿಸ್ ಚೆಂಡು ನೋಡಿ ಹೆದರು ಅಂದರೆ ಯಾರು ತಾನೇ ಹೆದರುತ್ತಾರೆ? ಚೆಂಡನ್ನು ನೋಡಿ ಹೆದರಿದ ನಟರ ಎಷ್ಟೋ ಶಾಟ್‌ಗಳಲ್ಲಿ ನಾನು ಚೆಂಡು ಅಳಿಸಿದ್ದೇನೆ. ಕಣ್ಣು ಸ್ವಲ್ಪ ಆಚೆ ಈಚೆ ಇರುತ್ತದೆ, ಭಯದ ಹೊತ್ತೂ ಒಂಚೂರು ತಪ್ಪಿರುತ್ತದೆ. ಅಲ್ಲಿ ನನ್ನ ಓಟು ಕಣ್ಣುಮುಚ್ಚಿ ಮಾಡೆಲ್‌ಗೇ.

ಕಾಡಿನ ಸೆಟ್ಟಿನಲ್ಲಿ ಬಕ್‌ಬೀಕ್ ಅನ್ನುವ ರೆಕ್ಕೆಯ ಪ್ರಾಣಿ ಇದೆ. ನಾವು ತಲೆಬಾಗಿದರೆ ಅದೂ ಬಾಗುತ್ತದೆ. ಅಕ್ಕನ ಮಗ ಭಕ್ತಿಯಿಂದ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಮನೆ ದೇವರಿಗೂ ಇಷ್ಟು ಬಾಗಿದ್ದನ್ನು ನೋಡಿಲ್ಲ ಅಂತ ಅಕ್ಕ ಗೊಣಗಿದಳು. ಆ ಪ್ರಾಣಿಯ ಗರಿಗಳನ್ನು ಕೈಯಲ್ಲೇ ಒಂದೊಂದಾಗಿ ನೆಟ್ಟಿದ್ದಾರೆ. ಸಿನಿಮಾದಲ್ಲಿ ನಿಂತಾಗ, ಮಲಗಿದಾಗ ಈ ಗೊಂಬೆ. ಹಾರಿದಾಗ ಕಂಪ್ಯೂಟರ್. ಗೊಂಬೆ ಇದ್ದದ್ದರಿಂದಲೇ ಕಂಪ್ಯೂಟರಿನವರಿಗೆ ಗರಿಯ ಮೇಲೆ ಬೆಳಕು ಹೇಗೆ ಕೂರುತ್ತದೆ ಅಂತ ಕಣ್ಣಾರೆ ಗೊತ್ತಿತ್ತು.

ಮಧ್ಯದಲ್ಲಿ ಪೊರಕೆ ಮೇಲೆ ಕೂರಿಸಿ ಗ್ರೀನ್ ಸ್ಕ್ರೀನ್ ಮುಂದೆ ಹಾರಿಸುತ್ತಾರೆ. ಹಸಿರು ಇದ್ದ ಕಡೆಯೆಲ್ಲ ಕಂಪ್ಯೂಟರ್ ಬೇರೆ ಚಿತ್ರ ತುಂಬುತ್ತದೆ. ಅಕ್ಕ ಅವತ್ತೇ ಗಿಳಿ ಹಸಿರು ಕುರ್ತಾ ಹಾಕಿಕೊಂಡು ಬಂದಿದ್ದಳು. ಬೆಳಗ್ಗೆಯೇ ಬೇಡ ಅಂದಿದ್ದೆ, ಕೇಳಲಿಲ್ಲ. ಬರೀ ತಲೆ, ಕೈ ಲಂಡನ್ ಮೇಲೆ ಹಾರುವುದನ್ನು ನೋಡುವ ಆಸೆ ನನಗೂ ಇತ್ತು. ಕಪ್ಪು ನಿಲುವಂಗಿ ಕೊಟ್ಟರು, ಬಚಾವಾದಳು. ಫೋಟೋಗೆ ಬೇರೆ ದುಡ್ಡು, ಮೊದಲೇ ಗೊತ್ತಿರಲಿ.

ಹೊರಗಿನ ಅಂಗಳದಲ್ಲಿ ಮೂರಂತಸ್ತಿನ ನೇರಳೆ ಬಸ್ಸು, ಹ್ಯಾರಿ ಬೆಳೆದ ಚಿಕ್ಕಮ್ಮ-ಚಿಕ್ಕಪ್ಪ ಡರ್ಸ್ಲಿಗಳ ಮನೆ, ಕಥೆಯಲ್ಲಿ ಬರುವ ಬಟರ್‌ಬಿಯರ್ ಅನ್ನುವ ಪಾನೀಯ. ಬಟರ್‌ಬಿಯರ್‌ನಲ್ಲಿ ಬಿಯರ್ ಇಲ್ಲ. ಬೆಲ್ಲದ ಪಾಕಕ್ಕೆ ಸೋಡಾ ಹೊಯ್ದು ಮೇಲೆ ಕೆನೆ ಹಾಕಿದ ಹಾಗೆ. ಮಕ್ಕಳಿಗೆ ಇಷ್ಟ. ನನಗೆ ಮೂರು ಗುಟುಕು ಸಾಕಾಯಿತು. ಮೂರು ಜನಕ್ಕೆ ಒಂದು ತೆಗೆದುಕೊಳ್ಳಿ.

ಈಗ ಕೋಟೆ.

ಇಡೀ ಟಿಕೆಟ್ಟಿನ ದುಡ್ಡು ಈ ಒಂದು ಕೋಣೆಗೇ ಕೊಡಬಹುದು. ಡಿಸೈನರ್‌ಗಳ ನಕ್ಷೆ, ಬಿಳಿ ಕಾಗದದ ಪುಟ್ಟ ಪುಟ್ಟ ಮಾದರಿಗಳನ್ನು ದಾಟಿ ಬಂದರೆ ಕತ್ತಲ ಕೋಣೆ, ಅದರ ನಡುವೆ ಹಾಗ್ವಾರ್ಟ್ಸ್ ಶಾಲೆಯ ಕೋಟೆ. 1:24 ಅಳತೆಯ ಮಾದರಿ. ಅಡ್ಡಗಲ ಸುಮಾರು 50 ಅಡಿ. ಮೊದಲ ಸಿನಿಮಾಗೆ 86 ಜನ ಸೇರಿ ಕಟ್ಟಿದ್ದು. ಆಮೇಲಿನ ಸಿನಿಮಾಗಳಿಗೂ ತಿದ್ದುತ್ತಾ ಬಂದರು. ಅದರ ಮೇಲೆ ಕೆಲಸ ಮಾಡಿದವರ ಗಂಟೆಗಳನ್ನೆಲ್ಲ ಕೂಡಿದರೆ 74 ವರ್ಷಕ್ಕೂ ಜಾಸ್ತಿ ಆಗುತ್ತದಂತೆ. ಒಬ್ಬಳೇ ಮಾಡಿದ್ದರೆ ಹುಟ್ಟಿದ ದಿನ ಶುರುಮಾಡಿ ಇನ್ನೂ ಮುಗಿದಿರುತ್ತಿರಲಿಲ್ಲ.

ಹತ್ತಿರ ಹೋಗಿ ನೋಡಿ. ಬಂಡೆಗಳ ಕೆಳಗೆ ನಿಜವಾದ ಜಲ್ಲಿ. ಇಳಿಜಾರಿನಲ್ಲಿ ನಿಜವಾದ ಗಿಡದ ಚೂರುಗಳೇ ಮರಗಳಾಗಿ ನಿಂತಿವೆ. ಕಿಟಕಿಗಳಲ್ಲಿ 2,500ಕ್ಕೂ ಹೆಚ್ಚು ಸಣ್ಣ ಫೈಬರ್ ದೀಪಗಳು. ಕೋಣೆಯ ಬೆಳಕು ನಿಧಾನವಾಗಿ ಬದಲಾಗುತ್ತದೆ. ಹಗಲು ಸಂಜೆಯಾಗುತ್ತದೆ, ನೀಲಿ ಕತ್ತಲು ಬರುತ್ತದೆ, ಕಿಟಕಿಗಳು ಹಳದಿಯಾಗಿ ಹೊತ್ತಿಕೊಳ್ಳುತ್ತವೆ. ಯಾರೋ ಒಳಗೆ ಲಾಂದ್ರ ಹಿಡಿದು ಓಡಾಡಿದ ಹಾಗೆ ಒಂದೊಂದು ಬೆಳಕು ಸರಿಯುತ್ತದೆ. ನಾನು ಮೂರು ಸುತ್ತು ಬಂದೆ. ದೇವಸ್ಥಾನದ ಪ್ರದಕ್ಷಿಣೆ ನೆನಪಾಗಿ ನನಗೇ ನಗು ಬಂತು.

ಒಂದು ಗೋಪುರದ ಬುಡದಲ್ಲಿ ಸುಮ್ನೆ ನಿಂತುಬಿಟ್ಟೆ. ಅಲ್ಲಿ ಗೋಡೆ ಬಂಡೆಗೆ ಸೇರುವ ಒಂದು ಮೂಲೆ ಇದೆ. ನೆರಳು ಬೀಳುವ ಜಾಗ, ಕ್ಯಾಮೆರಾ ಅಲ್ಲಿಗೆ ಹೋಗಿರುವುದು ಅನುಮಾನ. ಅಲ್ಲೂ ಕಲ್ಲಿನ ಸಂದಿನಲ್ಲಿ ಮಳೆನೀರು ಇಳಿದ ಕಪ್ಪು ಗೆರೆ ಬರೆದಿದ್ದಾರೆ. ಗೆರೆ ಮೇಲೆ ದಪ್ಪ, ಕೆಳಗೆ ಬರುತ್ತಾ ಸಣ್ಣ, ಒಂದು ಕಲ್ಲಿನ ಅಂಚಿಗೆ ತಾಗಿ ಸ್ವಲ್ಪ ಎಡಕ್ಕೆ ತಿರುಗಿದೆ. ನೀರು ಹಾಗೇ ಅಲ್ವಾ ತಿರುಗುವುದು? ಅದನ್ನು ಬರೆದ ಕೈ ಯಾವುದೋ ಗೊತ್ತಿಲ್ಲ. ಆದರೆ ಆ ಕೈಯನ್ನು ನಾನು ಬಲ್ಲೆ. ರಾತ್ರಿ ಎರಡು ಗಂಟೆಗೆ, 87ನೇ ಫ್ರೇಮಿನ ಮೂಲೆಯಲ್ಲಿ, ಯಾರೂ ನೋಡದ ಕಡೆ ಗೋಡೆಯ ಬಿರುಕನ್ನು ಸರಿಯಾಗಿ ಕೂರಿಸುವ ಕೈಯೂ ಅದೇ ಜಾತಿಯದ್ದು. ಸೂಪರ್‌ವೈಸರ್ ಒಂದು ಸಲ "ಯಾರು ನೋಡ್ತಾರೆ ಬಿಡಿ" ಅಂದಿದ್ದರು. ಬಿಡಲಾಗಲಿಲ್ಲ. ಇಲ್ಲಿಯವರೂ ಬಿಟ್ಟಿಲ್ಲ.

ವ್ಯತ್ಯಾಸ ಒಂದೇ. ಇವರ ಗೆರೆ ಇಪ್ಪತ್ತು ವರ್ಷ ದಾಟಿದರೂ ಇಲ್ಲಿದೆ. ಜನ ದುಡ್ಡು ಕೊಟ್ಟು ಬಂದು ಸುತ್ತು ಹಾಕುತ್ತಾರೆ. ನನ್ನ ಬಿರುಕು ಯಾವ ಸರ್ವರಿನಲ್ಲಿತ್ತೋ ಆ ಸರ್ವರೇ ಈಗ ಇದೆಯೋ ಇಲ್ಲವೋ.

ಕೋಟೆಯ ಮುಂದೆ ನಿಂತಾಗ "ಇದೇ ನೋಡಿ ನಿಜವಾದ ಸಿನಿಮಾ, ಈಗಿನವರು ಎಲ್ಲ ಕಂಪ್ಯೂಟರಲ್ಲೇ ಮಾಡ್ತಾರೆ" ಅಂತ ಒಬ್ಬರು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಹೋಗಿ ಜಗಳ ಆಡಲಿಲ್ಲ. ಇಲ್ಲಿ ಆಡುತ್ತೇನೆ. ಮಾಡೆಲ್‌ಗೆ ದೊಡ್ಡ ಅನುಕೂಲ ಬೆಳಕು. ದೀಪ ಹಚ್ಚಿದರೆ ನೆರಳು ತಾನಾಗೇ ಸರಿಯಾಗಿ ಬೀಳುತ್ತದೆ. ಕಂಪ್ಯೂಟರಿನಲ್ಲಿ ಆ ನೆರಳನ್ನು ಲೆಕ್ಕ ಹಾಕಿ ತರಬೇಕು. ಆದರೆ ಮಾಡೆಲ್ ನೀರಿನ ಮುಂದೆ, ಬೆಂಕಿಯ ಮುಂದೆ ಸೋಲುತ್ತದೆ. ಕೋಟೆಯನ್ನು 24 ಪಟ್ಟು ಚಿಕ್ಕದು ಮಾಡಬಹುದು, ನೀರಿನ ಹನಿಯನ್ನು ಮಾಡಲಾಗುವುದಿಲ್ಲ. ಪುಟ್ಟ ಗೋಪುರ ಬಿದ್ದರೆ ಆಟಿಕೆಯ ಥರ ಟಕ್ ಅಂತ ಬೀಳುತ್ತದೆ. ಭಾರ ಕಾಣಬೇಕಾದರೆ ಸೆಕೆಂಡಿಗೆ ಹೆಚ್ಚು ಫ್ರೇಮ್ ತೆಗೆದು ನಿಧಾನಕ್ಕೆ ತೋರಿಸಬೇಕು. ಎಷ್ಟು ಅನ್ನುವುದಕ್ಕೂ ಲೆಕ್ಕ ಇದೆ: ಅಳತೆಯ ವರ್ಗಮೂಲ. 24ರ ವರ್ಗಮೂಲ ಹತ್ತಿರ ಹತ್ತಿರ ಐದು. ಹಾಗಾಗಿ ಸೆಕೆಂಡಿಗೆ 24ರ ಬದಲು 118 ಫ್ರೇಮಿನಷ್ಟು ಶೂಟ್ ಮಾಡಬೇಕು. ಜೊತೆಗೆ, ಕೋಟೆಯನ್ನು ಒಡೆಯುವುದು ಒಂದೇ ಸಲ. ರೀಟೇಕ್ ಬೇಕು ಅಂದರೆ ಮತ್ತೆ ಕಟ್ಟಬೇಕು.

ಅದಕ್ಕೇ 2011ರ ಕೊನೆಯ ಸಿನಿಮಾದಲ್ಲಿ, ಹಾಗ್ವಾರ್ಟ್ಸ್ ಉರಿದು ಬೀಳುವ ಯುದ್ಧದಲ್ಲಿ, ಈ ಮಾಡೆಲ್ ಬಳಸಲಿಲ್ಲ. ಡಿಜಿಟಲ್ ಕೋಟೆ ಕಟ್ಟಿದರು. ಆದರೆ ಅದನ್ನು ಶೂನ್ಯದಿಂದ ಕಟ್ಟಲಿಲ್ಲ. ಇದೇ ಮಾಡೆಲನ್ನು ಅಳೆದು, ಸ್ಕ್ಯಾನ್ ಮಾಡಿ ಅದರ ಮೇಲೆ ಕಟ್ಟಿದರು. ತೆರೆಯ ಮೇಲೆ ಉರಿದದ್ದು ಕಂಪ್ಯೂಟರ್ ಕೋಟೆ, ಅದರ ಒಳಗಿನ ಮೂಳೆ ಈ ಜಲ್ಲಿಕಲ್ಲಿನದು. ಇಲ್ಲಿ ಯಾರು ಗೆದ್ದರು, ಯಾರು ಸೋತರು?

ಇತ್ತೀಚೆಗೆ ದೊಡ್ಡ ಸಿನಿಮಾದವರು "ನಾವು ಸಿಜಿ ಬಳಸಿಲ್ಲ" ಅಂತ ಸಂದರ್ಶನ ಕೊಡುವುದು ಫ್ಯಾಷನ್ ಆಗಿದೆ. ಕೊನೆಯಲ್ಲಿ ಹೆಸರು ಓಡುವಾಗ ಕೂತು ನೋಡಿ, ವಿಎಫ್‌ಎಕ್ಸ್ ಹೆಸರುಗಳು ಸಾಲು ಸಾಲು ಬರುತ್ತವೆ. ಬೆಂಗಳೂರು, ಚೆನ್ನೈ, ಮುಂಬೈಯಲ್ಲಿ ಕೂತು ಅದೇ ಸಿನಿಮಾದ ವೈರ್ ಅಳಿಸಿದವರ ಹೆಸರು ಆ ಸಾಲಲ್ಲೂ ಎಷ್ಟೋ ಸಲ ಇರುವುದಿಲ್ಲ. ಇಷ್ಟು ಹೇಳಿದ್ದು ಜಾಸ್ತಿ ಆಯಿತೇನೋ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಉರಿ.

ಕೋಟೆ ಆದ ಮೇಲೆ ಮಂತ್ರದಂಡದ ಕೋಣೆ. ಗೋಡೆಯುದ್ದಕ್ಕೂ ಉದ್ದನೆ ಡಬ್ಬಿಗಳು, 4,000ಕ್ಕೂ ಜಾಸ್ತಿ. ಒಂದೊಂದರ ಮೇಲೂ ಈ ಸಿನಿಮಾಗಳಿಗೆ ದುಡಿದ ಒಬ್ಬೊಬ್ಬರ ಹೆಸರು. ನಟರು, ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ಎಲ್ಲರಿಗೂ ಒಂದೇ ಅಳತೆಯ ಡಬ್ಬಿ. ತುಂಬ ಜನ ಇದನ್ನು ದಾಟಿ ಸೀದಾ ಅಂಗಡಿಗೆ ಹೋಗುತ್ತಾರೆ. ನೀವು ಹೋಗಬೇಡಿ. ಹತ್ತು ನಿಮಿಷ ನಿಂತು ಸುಮ್ನೆ ಹೆಸರು ಓದಿ. ಅಕ್ಕನ ಮಗ ಬಂದು "ಚಿಕ್ಕಿ, ನಿನ್ನ ಹೆಸರು ಎಲ್ಲಿದೆ?" ಅಂದ. ನಾನು ಈ ಸಿನಿಮಾಗೆ ಕೆಲಸ ಮಾಡಿಲ್ಲ ಕಣೋ, ಆಗ ಅರಸೀಕೆರೆಯಲ್ಲಿ ಪಿಯುಸಿ ಓದ್ತಾ ಇದ್ದೆ ಅಂದೆ. ಅವನು ಒಪ್ಪಲಿಲ್ಲ. ಇನ್ನೊಂದು ಸಾಲು ಹುಡುಕಿದ.

ಅಂಗಡಿಯ ಬಗ್ಗೆ ಒಂದೇ ಮಾತು: ಒಳಗೆ ಹೋಗುವ ಮೊದಲು ಮಕ್ಕಳಿಗೆ ಇಷ್ಟೇ ದುಡ್ಡು ಅಂತ ಹೇಳಿಬಿಡಿ. ಮೂರೂವರೆ ಗಂಟೆ ಸಾಕು ಅನ್ನುತ್ತಾರೆ. ನಮಗೆ ಐದು ಗಂಟೆ ಹಿಡಿಯಿತು, ಅದರಲ್ಲಿ ಒಂದು ಗಂಟೆ ಕೋಟೆಯ ಸುತ್ತ ನಾನೇ ತಿಂದದ್ದು. ಬೆಳಗಿನ ಹೊತ್ತಿನ ಟಿಕೆಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪುಸ್ತಕ ಓದದವರು, ಸಿನಿಮಾ ನೋಡದವರು ಜೊತೆಗಿದ್ದರೆ ಅವರಿಗೆ ಅರ್ಧಕ್ಕೇ ಸುಸ್ತಾಗಬಹುದು. ಆದರೆ ಮರಗೆಲಸ, ಹೊಲಿಗೆ, ಚಿತ್ರ, ಬೊಂಬೆ, ಕೈಯಲ್ಲಿ ಏನಾದರೂ ಮಾಡುವವರು ಯಾರೇ ಆಗಲಿ, ಕಥೆ ಗೊತ್ತಿಲ್ಲದಿದ್ದರೂ ಬನ್ನಿ. ಐದಕ್ಕೆ ನಾಲ್ಕೂವರೆ ನಕ್ಷತ್ರ. ಅರ್ಧ ಕಡಿಮೆ ಆಗಿದ್ದು, ಮೂಗು ಅಳಿಸಿದವರಿಗೂ ಒಂದು ಕೋಣೆ ಬೇಕಿತ್ತು ಅಂತ.

ಬಸ್ಸಿಗೆ ಕಾಯುವಾಗ ಅಮ್ಮನಿಗೆ ಕೋಟೆಯ ವಿಡಿಯೋ ಕಳಿಸಿದೆ. ತಕ್ಷಣ ಫೋನ್ ಬಂತು. ಅಮ್ಮ 'ಮಾಯಾಬಜಾರ್' ಕಾಲದವಳು. 1957ರ ಆ ಸಿನಿಮಾಗೆ ಮದ್ರಾಸಿನಲ್ಲಿ 300 ಪುಟ್ಟ ಮನೆಗಳ ದ್ವಾರಕೆ ಕಟ್ಟಿದ್ದರು ಅಂತ ಅವಳಿಗೆ ನಾನೇ ಹೇಳಿದ್ದೆ. ನಂಬಿರಲಿಲ್ಲ, ದ್ವಾರಕೆಯಲ್ಲೇ ತೆಗೆದಿರಬೇಕು ಅಂದಿದ್ದಳು. ಈಗ ಕಾಲ ಬದಲಾಗಿದೆ.

"ಚೆನ್ನಾಗಿದೆ. ಕಂಪ್ಯೂಟರಲ್ಲಿ ಮಾಡಿದ್ದಾ?" ಅಂದಳು.

"ಅಲ್ಲಮ್ಮ, ಪೂರ್ತಿ ಕೈಯಲ್ಲಿ ಮಾಡಿದ್ದು."

"ಮತ್ತೆ ನೀನು ಇಷ್ಟು ದಿನ ಯಾವುದರಲ್ಲಿ ಮಾಡ್ತಿದ್ದೆ?"

ಅಷ್ಟರಲ್ಲಿ ಬಸ್ಸು ಬಂತು. ಅಕ್ಕನ ಮಗ ಮೇಲಿನ ಸೀಟು ಬೇಕು ಅಂತ ಓಡಿದ.